ಕಡಲಯಾನ: ಅಗ್ಗದ ದರವೋ, ಮೇಲ್ದರ್ಜೆಯೋ?

ಪ್ರಶ್ನೆ: ನಾವು ಅರವತ್ತು ದಾಟಿದ ದಂಪತಿಗಳು. ಫೆಬ್ರವರಿಯಲ್ಲಿ ನಾರ್ವೆಯ ಬರ್ಗೆನ್‌ನಿಂದ ಕಿರ್ಕೆನೆಸ್‌ಗೆ ಹಡಗಿನಲ್ಲಿ ಹೋಗಲಿದ್ದೇವೆ. ಪತ್ನಿಗೆ ಬಸ್ಸಿನಲ್ಲೇ ವಾಂತಿ, ನಿದ್ರೆಯೂ ಅಲ್ಪ. ಅಗ್ಗದ ದರ ಸಾಕೇ?
– ಓದುಗರು, ಮೈಸೂರು

ಉತ್ತರ: ಮಾನ್ಯರೇ, ಯಾವ ದರ ತೆತ್ತವರಿಗೂ ಕಾಣುವ ಸಮುದ್ರವೂ ನಡೆದಾಡುವ ಡೆಕ್ಕೂ ಒಂದೇ ಆಗಿರುವಲ್ಲಿ, ಹೆಚ್ಚಿನ ಹಣಕ್ಕೆ ದೊರೆಯುವುದು ಮುಖ್ಯವಾಗಿ ಕೋಣೆಯನ್ನು ತಾವೇ ಆರಿಸಿಕೊಳ್ಳುವ ಅಧಿಕಾರವೆಂಬುದನ್ನು ಗಮನಿಸತಕ್ಕದ್ದು. 1893ರಲ್ಲಿ ಆರಂಭವಾದ ಈ ಕರಾವಳಿ ಸೇವೆಯ ಹಡಗುಗಳು ಇಂದಿಗೂ ಸರಕನ್ನು ಹೊತ್ತು 34 ಬಂದರುಗಳನ್ನು ಮುಟ್ಟುವುದರಿಂದಲೂ, ಅವುಗಳಲ್ಲಿ ಕೆಲವಕ್ಕೆ ನಡುರಾತ್ರಿಯೇ ತಲುಪುವುದರಿಂದಲೂ, ಅಗ್ಗದ ದರದವರಿಗೆ ಸಂಸ್ಥೆಯು ಯಂತ್ರದ ಸಮೀಪದ ಕೋಣೆಯನ್ನು ಕೊಟ್ಟರೆ ನಿದ್ರೆಗೆ ಭಂಗ ಖಂಡಿತ, ಆಕ್ಷೇಪಿಸಲು ಅವಕಾಶವಿರದು.

ಆದಕಾರಣ, ಕೋಣೆಯ ಆಯ್ಕೆಯುಳ್ಳ ಮಧ್ಯಮ ದರವನ್ನೇ ನಾನು ಸೂಚಿಸುವೆನು. ಓಲಾಟ ಕನಿಷ್ಠವಾಗಿರುವ ನಡುಭಾಗದ ಕೆಳ ಅಂತಸ್ತಿನಲ್ಲಿ, ಮೇಲೂ ಕೆಳಗೂ ಏನಿದೆಯೆಂದು ನಕ್ಷೆಯಲ್ಲಿ ನೋಡಿ, ಕೋಣೆ ಗೊತ್ತುಮಾಡಿಕೊಳ್ಳಿರಿ. ಬಾಲ್ಕನಿಗೆ ಹಣ ತೆರುವುದು, ಫೆಬ್ರವರಿಯ ಆ ಚಳಿಯಲ್ಲಿ, ಶುದ್ಧ ದುಂದು.

ನಾರ್ವೆಗೆ ಬೇಕಾದ ಷೆಂಗೆನ್ ವೀಸಾ ನಿರಾಕೃತವಾದರೆ ಹಣ ಮರಳುವುದೇ ಎಂಬುದನ್ನು ಮುಂಗಡ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಿರಿ. ವೀಸಾಕ್ಕೆ ಬೇಕಾದ 30,000 ಯೂರೋಗಳ ವೈದ್ಯಕೀಯ ವಿಮೆಯು ಪ್ರಯಾಣದ ರದ್ದತಿಯನ್ನು ತಾನಾಗಿ ಒಳಗೊಂಡಿರುವುದಿಲ್ಲ. ಸಸ್ಯಾಹಾರಿಗಳಾಗಿದ್ದರೆ ಮುಂಗಡ ಕಟ್ಟುವಾಗಲೇ ಸಂಸ್ಥೆಗೆ ತಿಳಿಸಿಬಿಡಿ. ವಾಂತಿಯ ಮಾತ್ರೆಯನ್ನು ಮಾತ್ರ ಅಂಗಡಿಯವನನ್ನು ಕೇಳಿ ಕೊಳ್ಳಬೇಡಿರಿ: ಗ್ಲಾಕೋಮಾ ಇದ್ದವರಿಗೆ ಅಂಥ ಕೆಲವು ಔಷಧಗಳು ಅಪಾಯಕರವಾದ್ದರಿಂದ, ಹೊರಡುವ ತಿಂಗಳ ಮುಂಚೆಯೇ ವೈದ್ಯರನ್ನು ಕಾಣುವುದು.