ಬೆಟ್ಟದ ಮರೆಯೂ ನಿಸ್ತಂತು ನೆರವೂ

ಕಂಬಂ ಕಣಿವೆಯ ಪಡುವಲಲ್ಲಿ ಏಲಕ್ಕಿ ಬೆಟ್ಟಗಳೂ ಮೂಡಲಲ್ಲಿ ಮೇಘಮಲೆ, ವರುಷನಾಡುಗಳ ಸಾಲೂ ನಿಂತಿವೆ. ಉತ್ತರಕ್ಕೆ, ದಿಂಡಿಗಲ್ ಜಿಲ್ಲೆಗೆ ಸೇರಿದ ಪಳನಿ ಬೆಟ್ಟಗಳ ಮೇಲೆ, ಕೊಡೈಕಾನಲ್ ಆಕಾಶವಾಣಿಯ ಎಫ್.ಎಂ. ಕೇಂದ್ರವಿದೆ. 2,000 ಮೀಟರಿಗೂ ಮೀರಿದ ಆ ಎತ್ತರದಿಂದ ಹೊರಟ ಅಲೆಗೆ ಬಯಲೆಲ್ಲವೂ ತೆರೆದ ಅಂಗಳ. ಗುಡ್ಡದ ಮಗ್ಗುಲಿಗೆ ಒತ್ತಿಕೊಂಡ ಹಳ್ಳಿಗೆ ಮಾತ್ರ ಅದು ಕುಂದಿ ತಲುಪುವುದು. ಇಂತಹ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುವು. ಬೆಟ್ಟವನ್ನು ಬಳಸಿ ಬಾಗುವ ಶಕ್ತಿ ಅವಕ್ಕೆ ಅಲ್ಪ.

ಹೀಗಿರುವಲ್ಲಿ ನಡುವೆ ಒಬ್ಬ ನೆರವುಗಾರನು ಬೇಕು. ಅವನೇ ಮರುಪ್ರಸಾರಕ. ಕೇಳಿದ್ದನ್ನು ಹಿಗ್ಗಿಸಿ ಕಳುಹಿಸಿದರೆ ಗದ್ದಲವೂ ಜೊತೆಗೆ ಹಿಗ್ಗುವುದು. ಅರ್ಥಮಾಡಿಕೊಂಡು ಹೊಸದಾಗಿ ನುಡಿದರೆ ಗದ್ದಲವೇನೋ ಕಳೆಯುವುದು. ಆದರೆ ತಪ್ಪಾಗಿ ತಿಳಿದಿದ್ದಲ್ಲಿ ತಪ್ಪೇ ಮುಂದೆ ಸಾಗುವುದು. ಲೇನ್‌ಮನ್, ತ್ಸೆ, ವೊರ್ನೆಲ್ ಎಂಬ ವಿದ್ವಾಂಸರು 2004ರಲ್ಲಿ ಸನ್ನಿವೇಶವನ್ನರಿತು ನಡೆಯುವ ಕ್ರಮಗಳನ್ನು ವಿವರಿಸಿದರು. ನೆರವುಗಾರನು ಸರಿಯಾಗಿ ಕೇಳಿಸಿಕೊಂಡಿದ್ದರೆ ಮಾತ್ರ ನುಡಿಯಬೇಕು; ನೇರ ಸಂದೇಶವೇ ತಲುಪಿತೆಂದು ಗ್ರಾಹಕನು ಸೂಚಿಸಿದರೆ ಆಗಲೂ ಸುಮ್ಮನಿರಬೇಕು.

ಲಾಭವೆಷ್ಟು? ನೂರು ಸಂದೇಶಗಳಲ್ಲಿ ನೇರ ದಾರಿಯಲ್ಲಿ 10, ನೆರವಿನ ದಾರಿಯಲ್ಲಿ 10 ಕೆಡುವುವೆಂದು ಇಟ್ಟುಕೊಳ್ಳೋಣ. ಒಂದರ ಕೇಡು ಇನ್ನೊಂದನ್ನು ಅವಲಂಬಿಸದಿದ್ದರೆ, ಎರಡೂ ದಾರಿಗಳಲ್ಲಿ ಕೆಡುವುದು ನೂರಕ್ಕೆ 1 ಮಾತ್ರ. ಎರಡು ದಾರಿಗಳಿಗೂ ಒಂದೇ ಬೆಟ್ಟ ಅಡ್ಡವಾದರೆ ಈ ಲೆಕ್ಕ ನಿಲ್ಲದು!

ಅಲೆಯ ಹಾದಿಗೂ ಪರವಾನಗಿ ಪಡೆದ ಹಕ್ಕುದಾರರುಂಟು. 1895ರಿಂದ ಪೆರಿಯಾರಿನ ನೀರನ್ನು ಕಂಡ ಈ ಕಣಿವೆಯವರಿಗೆ ಪಾಳಿಯೆಂದರೇನೆಂದು ನಾವು ಹೇಳಬೇಕಾಗಿಲ್ಲ. ಪಾಳಿಯವನಿಗೆ ಕುಂದಾಗದಂತೆ ಉಳಿದ ನೀರನ್ನು ಬಳಸುವ ಹಾಗೆಯೇ, ಸುತ್ತಲಿನ ಸ್ಥಿತಿಯನ್ನರಿತು ತನ್ನನ್ನು ತಿದ್ದಿಕೊಳ್ಳುವ ರೇಡಿಯೋ ಖಾಲಿ ಹಾದಿಯನ್ನು ಬಳಸಬಲ್ಲದು. ಈ ಬಗೆಯ ರೇಡಿಯೋವಿನ ಕಲ್ಪನೆಯನ್ನು ಮಿಟೋಲಾ, ಮೆಗ್ವೈರ್ ಎಂಬವರು 1999ರಲ್ಲಿ ಮಂಡಿಸಿದರು. ಇಂತಹ ಜಾಲದಲ್ಲಿ ಗಟ್ಟಿಯಾಗಿ ಕೂಗಬಲ್ಲವನೇ ಒಳ್ಳೆಯ ನೆರವುಗಾರನಲ್ಲ. ಹಕ್ಕುದಾರನ ಕಿವಿಗೆ ತೊಂದರೆಯಾಗದಂತೆ ನುಡಿಯಬಲ್ಲವನನ್ನು ಆರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ಆಯ್ಕೆಯ ವಿಷಯವಾಗಿ ಸಂಶೋಧನೆ ನಡೆದಿದೆ.

ಎಲ್ಲಕ್ಕಿಂತ ಕಠಿಣವಾದ ತೊಡಕು ಬೆಟ್ಟದ್ದೇ. ಮರೆಯಲ್ಲಿರುವ ಯಂತ್ರವು ಕಿವಿಗೊಟ್ಟು, ಏನೂ ಕೇಳದೆ, ಹಾದಿ ಖಾಲಿಯೆಂದು ಬಗೆದೀತು. ಅತ್ತ ಬೆಟ್ಟದಾಚೆ ಹಕ್ಕುದಾರನು ನುಡಿಯುತ್ತಲೇ ಇರಬಹುದು. ದಿಣ್ಣೆಯ ಮೇಲಿನ ಜೊತೆಗಾರನು ಕೇಳಿ ತಿಳಿಸಿದರೆ ಅನಾಹುತ ತಪ್ಪುವುದು. ಅಮೆರಿಕೆಯಲ್ಲಿ ಟೆಲಿವಿಷನ್ನಿನ ಖಾಲಿ ಹಾದಿಗಳ ಬಳಕೆಗೆ 2008ರಲ್ಲಿ ಅನುಮತಿಯಿತ್ತಾಗ ಹೀಗೆ ಆಲಿಸುವುದನ್ನೂ ವಿಧಿಸಿದ್ದರು. 2010ರಲ್ಲಿ, ಯಾವ ಸ್ಥಳದಲ್ಲಿ ಯಾವ ಹಾದಿ ಖಾಲಿಯೆಂಬ ದಾಖಲೆಯನ್ನು ವಿಚಾರಿಸಿ ನಡೆಯುವ ಯಂತ್ರಗಳಿಗೆ ಆ ಕಟ್ಟಳೆಯನ್ನು ತೆಗೆದುಹಾಕಿದರು.