ಹೊಸ ಮೇಜಿನ ಖರ್ಚು, ಹಳೆ ಮಂಚದ ಉಳಿತಾಯ

ಮನೆಯ ಹಿಂದಿನ ಶೆಡ್ಡಿನಲ್ಲೋ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲೋ ಉಳಿ, ತೋಪಡ, ಗರಗಸ ಜೋಡಿಸಿಕೊಂಡು ಮರಗೆಲಸ ಮಾಡುವ ನನ್ನಂಥವರು ಮನೆಯವರಿಗೆ ಒಂದು ಮಾತು ಹೇಳಿಯೇ ಹೇಳುತ್ತೇವೆ: ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಇದು ಅಗ್ಗ. ಹೊಸ ಮೇಜು, ಹೊಸ ಕಪಾಟು, ಹೊಸ ಮಂಚದ ಮಟ್ಟಿಗೆ ಈ ಮಾತು ಲೆಕ್ಕದ ಪುಸ್ತಕದಲ್ಲಿ ನಿಲ್ಲುವುದಿಲ್ಲ. ಹಾಗೆಂದು ಮನೆಯ ಕಾರ್ಯಾಗಾರಕ್ಕೆ ಹಾಕಿದ ಹಣ ದಂಡ ಎಂದು ನಾನು ಹೇಳುತ್ತಿಲ್ಲ. ಅದೇ ಉಪಕರಣ, ಅದೇ ಕೈಚಳಕವನ್ನು ಅಟ್ಟದ ಮೇಲೆ ಬಿದ್ದಿರುವ ತೇಗದ ಕುರ್ಚಿ, ಕೀಲು ಸಡಿಲಾದ ಮಂಚ, ಬಣ್ಣಗೆಟ್ಟ ಕಪಾಟುಗಳ ಮೇಲೆ ಬಳಸಿದರೆ ಉಳಿತಾಯ ನಿಜವಾಗಿ ಕೈಗೆ ಹತ್ತುತ್ತದೆ. ಹೊಸದನ್ನು ಕಟ್ಟುವುದು ಖುಷಿಯ ಖರ್ಚು, ಹಳೆಯದನ್ನು ತಿದ್ದುವುದು ಉಳಿತಾಯ. ಇವೆರಡನ್ನೂ ಒಂದೇ ಖಾತೆಯಲ್ಲಿ ಬರೆಯುವುದರಿಂದ ಗೊಂದಲ ಹುಟ್ಟುತ್ತದೆ ಎಂಬುದು ನನ್ನ ವಾದ.

ಮೊದಲು ಮರದ ಲೆಕ್ಕ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಓದುವ ಮೇಜು ಎಂದುಕೊಳ್ಳಿ. ಒಂದಿಂಚು ದಪ್ಪದ ಮೇಲ್ಹಲಗೆಗೆ 0.67 ಘನ ಅಡಿ ಮರ ಬೇಕು. ಎರಡೂವರೆ ಇಂಚು ಚೌಕದ, 29 ಇಂಚು ಎತ್ತರದ ನಾಲ್ಕು ಕಾಲುಗಳಿಗೆ 0.42. ಕಾಲುಗಳನ್ನು ಸುತ್ತ ಹಿಡಿದಿಡುವ ನಾಲ್ಕಿಂಚಿನ ಪಟ್ಟಿಗಳಿಗೆ 0.3. ಒಟ್ಟು ಸುಮಾರು 1.4 ಘನ ಅಡಿ. ಇಷ್ಟೇ ಮರಕ್ಕೆ ದುಡ್ಡು ಕೊಟ್ಟು ಮೇಜು ಮಾಡಿದವರು ಯಾರೂ ಇಲ್ಲ. ಹೆರೆದು ನಯಮಾಡಿದ ಮೇಲೆ ಒಂದಿಂಚು ಉಳಿಯಬೇಕಾದರೆ ಸಾಮಿಲ್ಲಿನಿಂದ ಒಂದೂಕಾಲು ಇಂಚಿನ ಹಲಗೆ ತರಬೇಕು. ಅಂದರೆ ಐದರಲ್ಲೊಂದು ಪಾಲು ಹೊಟ್ಟಾಗಿ ನೆಲಕ್ಕೆ ಬೀಳುತ್ತದೆ. ತುದಿಯ ಬಿರುಕು, ಗಂಟು, ಚೇಗಿನ ಪಕ್ಕ ಅಂಟಿಕೊಂಡ ಬಿಳಿ ಮರ ಇವನ್ನೆಲ್ಲ ಕತ್ತರಿಸಿ ತೆಗೆದರೆ ಕೊಳ್ಳಬೇಕಾದದ್ದು ಎರಡು ಘನ ಅಡಿಯನ್ನೂ ದಾಟುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ತುಂಡುಗಳು ಇನ್ನೊಂದು ಡ್ರಾಯರಿಗೋ ಮತ್ತೊಂದು ಕುರ್ಚಿಗೋ ಹೋಗುತ್ತವೆ. ನಮ್ಮ ಮನೆಗಳಲ್ಲಿ ಅವು ಮಂಚದ ಕೆಳಗೆ ಸೇರಿ, ‘ಮುಂದೆ ಬೇಕಾದೀತು’ ಎಂಬ ನೆಪದಲ್ಲಿ ವರ್ಷಗಟ್ಟಲೆ ಧೂಳು ಕುಡಿಯುತ್ತವೆ. ಇದರ ಮೇಲೆ ಒಣಗುವ ಕಾಯುವಿಕೆ ಬೇರೆ. ಒಂದಿಂಚು ದಪ್ಪದ ಹಲಗೆ ಗಾಳಿಯಲ್ಲಿ ಒಣಗಲು ಒಂದು ವರ್ಷ ಎಂಬುದು ರೂಢಿಯ ಲೆಕ್ಕ. ಹಸಿ ಮರದಲ್ಲಿ ಕಟ್ಟಿದರೆ ಅದು ಒಣಗುತ್ತ ಅಡ್ಡಕ್ಕೆ ಕುಗ್ಗಿ ಮೇಲ್ಹಲಗೆಯ ಸಂದುಗಳು ಬಾಯಿಬಿಡುತ್ತವೆ.

ಇನ್ನು ಉಪಕರಣ. ಗರಗಸ, ಡ್ರಿಲ್, ಸ್ಯಾಂಡಿಂಗ್ ಮಷೀನ್, ಉಳಿಗಳ ಸೆಟ್ಟು, ಕ್ಲ್ಯಾಂಪುಗಳಿಗೆ 40,000 ರೂಪಾಯಿ ಹಾಕಿದೆವು ಎನ್ನೋಣ. ಹತ್ತು ವರ್ಷ ಬಾಳಿದರೆ ವರ್ಷಕ್ಕೆ 4,000 ರೂಪಾಯಿ ಸವಕಳಿ. ಆ ಹಣವನ್ನು ಶೇ 7ರ ಠೇವಣಿಯಲ್ಲಿ ಇಟ್ಟಿದ್ದರೆ ಮೊದಲ ವರ್ಷ ಬರುತ್ತಿದ್ದ ಬಡ್ಡಿ 2,800. ವರ್ಷಕ್ಕೆ ಎರಡು ಪೀಠೋಪಕರಣ ಮಾಡುವವರಿಗೆ ಒಂದೊಂದರ ಮೇಲೂ 3,400 ರೂಪಾಯಿ ಕೂತಿತು; ಮರ ಕೊಳ್ಳುವುದಕ್ಕೆ ಮುಂಚೆಯೇ. ವಾರವಿಡೀ ಮಷೀನು ಓಡಿಸುವ ಬಡಗಿಗೆ ಇದೇ ಖರ್ಚು ನೂರಾರು ತುಂಡುಗಳ ಮೇಲೆ ಹರಡಿ ಕಾಣದಂತಾಗುತ್ತದೆ.

ಆದರೂ ಲೆಕ್ಕವನ್ನು ನಿಜವಾಗಿ ತಿನ್ನುವುದು ಫಿನಿಶಿಂಗ್. ಕೂಡಿಕೆಗಳು ಕೂತು, ಅಂಟು ಒಣಗಿ, ಮೇಜು ಮೇಜಿನಂತೆ ನಿಂತಾಗ ಕೆಲಸ ಮುಗಿಯಿತು ಎನಿಸುತ್ತದೆ. ನನ್ನ ಅನುಭವದಲ್ಲಿ ಆಗ ಮುಗಿದಿರುವುದು ಅರ್ಧ. 80ರ ಸ್ಯಾಂಡ್‌ಪೇಪರಿನಿಂದ ಶುರುಮಾಡಿ 120, 180, 220 ಎಂದು ಹಂತಹಂತವಾಗಿ ಹೋಗಬೇಕು. ನಡುವೆ ಒಂದು ಹಂತ ಹಾರಿಸಿದರೆ 80ರ ಗೀರುಗಳು ಪಾಲಿಶ್ ಬಿದ್ದ ಕೂಡಲೇ ಎದ್ದು ಕಾಣುತ್ತವೆ, ಅಲ್ಲಿಯವರೆಗೆ ಕಾಣುವುದೇ ಇಲ್ಲ. ಆಮೇಲೆ ಅರಗಿನ ಪಾಲಿಶ್: ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯಲ್ಲಿ ಸುತ್ತಿದ ಹತ್ತಿಯುಂಡೆಯಿಂದ ತೆಳ್ಳಗೆ ಪದರದ ಮೇಲೆ ಪದರ ಉಜ್ಜುತ್ತ ಹೋಗಬೇಕು. ಮಳೆಗಾಲದ ತೇವದಲ್ಲಿ ಈ ಪದರ ಬೆಳ್ಳಗೆ ಮಂಜುಗಟ್ಟುತ್ತದೆ, ಆದ್ದರಿಂದ ಕರಾವಳಿ ಮಲೆನಾಡಿನವರು ಆಷಾಢ ಶ್ರಾವಣಗಳಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು. ಕಟ್ಟುವುದು, ಫಿನಿಶಿಂಗ್ ಎರಡೂ ಸೇರಿ 40 ಗಂಟೆ ಎಂದು ಹಿಡಿದು, ಗಂಟೆಗೆ ಬರೀ 100 ರೂಪಾಯಿ ಬೆಲೆ ಕಟ್ಟಿದರೂ 4,000 ರೂಪಾಯಿ ಆಯಿತು. ಮರಗೆಲಸದ ಬಜೆಟ್ಟುಗಳಲ್ಲಿ ಈ ಸಾಲು ಎಂದೂ ಇರುವುದಿಲ್ಲ.

ರಜೆಯ ದಿನದ ನನ್ನ ಗಂಟೆಗೆ ಬೆಲೆ ಏಕೆ ಕಟ್ಟಬೇಕು, ಟಿವಿ ನೋಡುವ ಬದಲು ಮರ ಹೆರೆಯುತ್ತೇನೆ ಎಂದು ಕೇಳುವವರಿದ್ದಾರೆ. ಒಪ್ಪಿದೆ. ಆದರೆ ಆಗ ಅದು ಮನರಂಜನೆ. ಮನರಂಜನೆಗೆ ಆದ ಮರದ ಖರ್ಚನ್ನು ಉಳಿತಾಯದ ಕಡೆ ಬರೆಯುವ ಹಾಗಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಗಟ್ಟಿ ತೇಗದಲ್ಲಿ, ಮೊಳೆಯಿಲ್ಲದ ಕೂಡಿಕೆಯಲ್ಲಿ ಮಾಡಿದ ಮೇಜನ್ನು ಅದೇ ಗುಣಮಟ್ಟದ ಅಂಗಡಿ ಮೇಜಿಗೆ ಹೋಲಿಸಬೇಕೇ ಹೊರತು ಮರದ ಪುಡಿ ಒತ್ತಿ ಮಾಡಿದ ಹಲಗೆಯ ಮೇಜಿಗಲ್ಲ ಎಂಬುದು. ಹಾಗೆ ಹೋಲಿಸಿದರೆ ಕೈಯಿಂದ ಹೊರಡುವ ನಗದಿನ ಮಟ್ಟಿಗೆ ಮನೆಯಲ್ಲಿ ಮಾಡಿದ್ದೇ ಗೆಲ್ಲಬಹುದು. ಆದರೆ ಆ ದುಬಾರಿ ತೇಗದ ಮೇಜನ್ನು ನಾವು ಅಂಗಡಿಯಿಂದ ಕೊಳ್ಳುತ್ತಿದ್ದೆವೇ? ನಮ್ಮಲ್ಲಿ ಹೆಚ್ಚಿನವರು ಕೊಳ್ಳುತ್ತಿದ್ದದ್ದು ಪ್ಲೈವುಡ್ಡಿನದನ್ನೇ. ಎಂದೂ ಕೊಳ್ಳದೇ ಇರುತ್ತಿದ್ದ ವಸ್ತುವಿನ ಬೆಲೆಯನ್ನು ‘ಉಳಿಸಿದೆ’ ಎಂದು ಬರೆದುಕೊಂಡರೆ ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಮೂರು ತಲೆಮಾರು ಬಾಳುತ್ತದೆ ಎಂಬ ಸಮರ್ಥನೆಯೂ ನಿಜವೇ, ಆದರೆ ಅದು ನನ್ನ ಪಕ್ಷಕ್ಕೇ ಸಲ್ಲುತ್ತದೆ: ಅಜ್ಜನ ಕಾಲದ ಮಂಚ ಆ ಬಾಳಿಕೆಯನ್ನು ಈಗಾಗಲೇ ತೋರಿಸಿಕೊಟ್ಟಿದೆ.

ಮಾರಿದರಾಯಿತು, ಪಾರ್ಟ್‌ಟೈಮ್ ಆದಾಯವಾಗುತ್ತದೆ ಎಂಬುದು ಇನ್ನೊಂದು ಮಾತು. ತೆರಿಗೆ ಇಲ್ಲಿ ದೊಡ್ಡ ತೊಡಕಲ್ಲ. ಕರ್ನಾಟಕದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ಮರ ಕೊಳ್ಳುವಾಗ ಕೊಟ್ಟ ಜಿಎಸ್‌ಟಿ ಮಾತ್ರ ಆಗ ವಾಪಸ್ ಬರುವುದಿಲ್ಲ. ತೊಡಕಿರುವುದು ಬೆಲೆಯಲ್ಲಿ. ಮೈಕೆಲ್ ನಾರ್ಟನ್, ಡೇನಿಯಲ್ ಮೋಚನ್, ಡ್ಯಾನ್ ಏರಿಯಲಿ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ತಾವೇ ಜೋಡಿಸಿದ ಪೆಟ್ಟಿಗೆಗೆ, ತಾವೇ ಮಡಿಸಿದ ಕಾಗದದ ಗೊಂಬೆಗೆ ಬೇರೆಯವರಿಗಿಂತ ಹೆಚ್ಚು ಬೆಲೆ ಕಟ್ಟಿದ್ದು ಕಂಡುಬಂತು. ಇದಕ್ಕೆ ಅವರು ಇಟ್ಟ ಹೆಸರು ‘ಐಕಿಯಾ ಪರಿಣಾಮ’. 2022ರಲ್ಲಿ ನಾಗಸಂದ್ರದಲ್ಲಿ ತೆರೆದ ಐಕಿಯಾ ಪೀಠೋಪಕರಣ ಮಳಿಗೆಯಿಂದ ಪೆಟ್ಟಿಗೆ ಹೊತ್ತು ತಂದು ಮನೆಯಲ್ಲಿ ಜೋಡಿಸಿದ ಬೆಂಗಳೂರಿನವರಿಗೆ ವಿವರಣೆ ಬೇಕಾಗಲಾರದು. ಗಿರಾಕಿಗೆ ಈ ಮಮತೆ ಇರುವುದಿಲ್ಲ. ಅವನು ಹೋಲಿಸುವುದು ಹೊಟ್ಟೆಪಾಡಿಗೆ ಇದೇ ಕೆಲಸ ಮಾಡುವ, ನಮಗಿಂತ ಬೇಗ ಮುಗಿಸುವ ಬಡಗಿಯ ದರಕ್ಕೆ. ಸರ್ಕಾರದ ನೆರವಿರುವುದೂ ಅವರಿಗೇ, ಇರಬೇಕಾದದ್ದೂ ಹಾಗೆಯೇ: 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಬಡಗಿಯೂ ಸೇರಿ 18 ಕಸುಬುಗಳವರಿಗೆ ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ನಂತರ ಎರಡು ಲಕ್ಷ ಸಾಲ ಕೊಡುತ್ತದೆ. ಅದು ಕಸುಬಿನಿಂದ ಬದುಕುವವರಿಗೆ, ಹವ್ಯಾಸಿಗಳಿಗಲ್ಲ.

ಹಳೆಯದಕ್ಕೆ ಬಂದರೆ ಈ ಲೆಕ್ಕದ ಸಾಲುಗಳೆಲ್ಲ ತಿರುಗಿ ನಿಲ್ಲುತ್ತವೆ. ಮರದ ಖರ್ಚು ಹತ್ತಿರಹತ್ತಿರ ಸೊನ್ನೆ. ಅದು ಒಣಗಿ ದಶಕಗಳಾಗಿವೆ, ಕುಗ್ಗುವಷ್ಟು ಕುಗ್ಗಿ ಮುಗಿದಿದೆ. ಬಿಳಿ ಅಂಟು ಬರುವುದಕ್ಕೆ ಮುಂಚಿನ ಬಡಗಿಗಳು ಬಳಸುತ್ತಿದ್ದದ್ದು ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡಿದ ಅಂಟು. ಬಿಸಿನೀರು ತಾಕಿದರೆ ಅದು ಸಡಿಲಾಗುತ್ತದೆ. ಕುರ್ಚಿಯ ಕಾಲನ್ನು ಮುರಿಯದೆ ಬಿಡಿಸಿ, ಕೆರೆದು, ಮತ್ತೆ ಕೂರಿಸಬಹುದು. ಪಾಲಿಶ್ ಕೂಡ ಹಾಗೆಯೇ. ಅರಗಿನ ಪದರವನ್ನು ಸ್ಪಿರಿಟ್ ಎಷ್ಟು ವರ್ಷದ ಮೇಲೂ ಕರಗಿಸುತ್ತದೆ, ಆದ್ದರಿಂದ ಹೊಸ ಕೋಟು ಹಳೆಯದರಲ್ಲಿ ಬೆರೆತು ಒಂದಾಗುತ್ತದೆ. ಎಲ್ಲವನ್ನೂ ಉಜ್ಜಿ ತೆಗೆದು ಮೊದಲಿನಿಂದ ಶುರುಮಾಡಬೇಕಿಲ್ಲ. ಈಗ ಎಲ್ಲೆಡೆ ಬಳಸುವ ಪಿಯು ಪಾಲಿಶ್ ನೀರಿಗೂ ಬಿಸಿ ಲೋಟಕ್ಕೂ ಜಗ್ಗುವುದಿಲ್ಲ ನಿಜ, ಊಟದ ಮೇಜಿಗೆ ಅದೇ ಸರಿ. ಆದರೆ ಅದರಲ್ಲಿ ಗೀರು ಬಿದ್ದರೆ ಹೊಸ ಕೋಟು ಹಳೆಯದರೊಳಗೆ ಕರಗಿ ಸೇರುವುದಿಲ್ಲ, ಉಜ್ಜಿಯೇ ತೀರಬೇಕು. ಜೊತೆಗೆ, ಇಂಥ ಒಂದೆರಡು ಕುರ್ಚಿಯ ರಿಪೇರಿಗೆ ಬಡಗಿ ಸಿಗುವುದೇ ಕಷ್ಟ. ಚದರಡಿ ಲೆಕ್ಕದಲ್ಲಿ ಇಡೀ ಮನೆಯ ಕಪಾಟು ಮಾಡುವವರಿಗೆ ಇದು ಗಿಟ್ಟುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಮಾರುಕಟ್ಟೆ ಬಿಟ್ಟುಕೊಟ್ಟ ಕೆಲಸವನ್ನು ಮನೆಯಲ್ಲಿ ಮಾಡಿಕೊಂಡಾಗ ಉಳಿಯುವುದು ಕೂಲಿಯಷ್ಟೇ ಅಲ್ಲ, ಗುಜರಿಗೆ ಹೋಗಲಿದ್ದ ತೇಗದ ಬದಲಿಗೆ ಕೊಳ್ಳಬೇಕಿದ್ದ ಹೊಸ ವಸ್ತುವಿನ ಬೆಲೆಯೂ ಉಳಿಯುತ್ತದೆ.

ಹಳೆಯದೆಲ್ಲ ಬಂಗಾರ ಎಂದು ನಂಬುವವರಿಗೂ ಎರಡು ಎಚ್ಚರಿಕೆ ಬೇಕು. ಗೆದ್ದಲು ಒಳಗಿನಿಂದ ಪೊಳ್ಳು ಮಾಡಿದ ಕಾಲನ್ನು ಎಷ್ಟು ಪಾಲಿಶ್ ಮಾಡಿದರೂ ಅದು ಭಾರ ಹೊರುವುದಿಲ್ಲ. ಉಳಿಯ ತುದಿಯಿಂದ ಚುಚ್ಚಿ ನೋಡಿಯೇ ಮುಂದುವರಿಯಬೇಕು. ಎರಡನೆಯದು ಬಣ್ಣ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಎನಾಮಲ್ ಬಳಿದ ಬಾಗಿಲು, ತೊಟ್ಟಿಲುಗಳನ್ನು ಮಕ್ಕಳಿರುವ ಮನೆಯಲ್ಲಿ ಒಣ ಸ್ಯಾಂಡ್‌ಪೇಪರಿನಿಂದ ಉಜ್ಜುವುದನ್ನು ಯಾವ ಉಳಿತಾಯವೂ ಸಮರ್ಥಿಸಲಾರದು. ಬಣ್ಣವಿಲ್ಲದ ಬರೀ ಮರದ ಧೂಳನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿಗೆ ಸರಿಯಾಗಿ ಕೂರುವ ಮಾಸ್ಕಿನ ದುಡ್ಡು ಉಪಕರಣದ ಪಟ್ಟಿಯಲ್ಲಿ ಮೊದಲು ಬರಲಿ.

ಆ ಪಟ್ಟಿಯೂ ಆಗ ಚಿಕ್ಕದಾಗುತ್ತದೆ. ರಿಪೇರಿಗೆ ಬೇಕಾದದ್ದು ಮೂರ್ನಾಲ್ಕು ಉಳಿ, ಒಂದು ಕೊಡತಿ, ಸಣ್ಣ ಹಲ್ಲಿನ ಗರಗಸ, ಕೆರೆಯುವ ತಗಡು, ಒಳ್ಳೆಯ ಕ್ಲ್ಯಾಂಪುಗಳು, ಅರಗು, ಸ್ಪಿರಿಟ್. ಇದಕ್ಕೆ 10,000 ರೂಪಾಯಿ ಎಂದು ಹಿಡಿದು ಮೇಲಿನ ಲೆಕ್ಕವನ್ನೇ ಹಾಕಿದರೆ ಮೊದಲ ವರ್ಷದ ಹೊರೆ 6,800ರಿಂದ 1,700ಕ್ಕೆ ಇಳಿಯುತ್ತದೆ, ಅದೂ ವರ್ಷಕ್ಕೆ ಎರಡಲ್ಲ, ಐದಾರು ತುಂಡುಗಳ ಮೇಲೆ ಹಂಚಿಹೋಗುತ್ತದೆ. ಟೇಬಲ್ ಸಾ ಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ಮನೆಯ, ನೆಂಟರ ಮನೆಯ ಅಟ್ಟಗಳೆಲ್ಲ ಬರಿದಾದ ಮೇಲೆ ಎತ್ತಿಕೊಳ್ಳಬಹುದು. ಕೊಂಡರೂ ಆ ಹಣ ಮನರಂಜನೆಯ ಖಾತೆಯಿಂದ ಹೋಗಲಿ.