ಠಾಣೆಯ ಮಣ್ಣು ಮತ್ತು ಸಾಕ್ಷಿಯ ಮಾತು

ಕಳೆದ ತಿಂಗಳು ನಮ್ಮ ಬಳಗದ ಬೈಠಕ್ಕಿನಲ್ಲಿ ಪವಾಡಗಳ ಮೇಲೆ ಮಾತು ಬಂದು ಜಗಳಕ್ಕೇ ತಿರುಗಿತು. ಯೇಸು ರೋಗಿಗಳನ್ನು ವಾಸಿಮಾಡಿದ್ದೆಲ್ಲ ಕಟ್ಟುಕತೆ ಅಂತ ಒಬ್ಬ ಗೆಳೆಯ ಅಂದುಬಿಟ್ಟ. ಮಂಗಳೂರು ಕಡೆಯ ಕ್ರೈಸ್ತ ಮನೆತನದ ಗೆಳತಿಯೊಬ್ಬಳು, “ಹಾಗಾದರೆ ಬರೆದವರೆಲ್ಲ ಸುಳ್ಳರೇನು?” ಎಂದು ಕೇಳಿ ಎದ್ದುಹೋದಳು. ಡೊಂಬಿವಲಿಗೆ ಹಿಂತಿರುಗುವಾಗ ಲೋಕಲ್‌ನಲ್ಲಿ ನಿಂತು ಯೋಚಿಸಿದೆ: ಕೇಳಬೇಕಾದ ಪ್ರಶ್ನೆಯನ್ನು ಕೇಳಿದವಳು ಅವಳೇ. ಬರೆದವನು ಪ್ರಾಮಾಣಿಕನಾಗಿದ್ದೂ ಬರೆದದ್ದು ನಡೆಯದೇ ಇರಬಹುದಲ್ಲ? ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ನಾವು ದಿನಾ ಹತ್ತಿ ಇಳಿಯುವ ಠಾಣೆಯಲ್ಲೇ ಒಂದು ಇದೆ.

1321ರ ಏಪ್ರಿಲ್‌ನಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಠಾಣೆಯಲ್ಲಿ ಕೊಲೆಯಾದರು. ತೊಲೆಂತಿನೋದ ಥಾಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್, ತಿಫ್ಲಿಸಿನ ದೆಮೆತ್ರಿಯಸ್ ಎಂದು ಅವರ ಹೆಸರು. ಆಗ ಊರಿನಲ್ಲಿದ್ದದ್ದು ನೆಸ್ಟೋರಿಯನ್ ಕ್ರೈಸ್ತರ 15 ಮನೆಗಳಂತೆ. ಇವರು ಇಳಿದುಕೊಂಡಿದ್ದ ಮನೆಯಲ್ಲಿ ಗಂಡ ಹೆಂಡಿರ ಜಗಳವಾಗಿ ದೂರು ಖಾಜಿಯ ಮುಂದೆ ಹೋಯಿತು. ಅಲ್ಲಿ ಅತಿಥಿಗಳ ಹೆಸರು ಹೊರಬಿತ್ತು, ಧರ್ಮದ ವಾದ ಎದ್ದಿತು, ಕೊನೆಗೆ ತಲೆ ಹೋಯಿತು. ಕೆಲಕಾಲದ ಮೇಲೆ ಒದೊರಿಕ್ ಎಂಬ ಇಟಲಿಯ ಸಂನ್ಯಾಸಿ ಇಲ್ಲಿಗೆ ಬಂದು ಅವರ ಅಸ್ಥಿಗಳನ್ನು ಕಟ್ಟಿಕೊಂಡು ಚೀನಕ್ಕೆ ಹೋದ. 1330ರಲ್ಲಿ ಪಾದುವಾದಲ್ಲಿ ಕೂತು ಇದನ್ನೆಲ್ಲ ಹೇಳಿ, ಇನ್ನೊಬ್ಬ ಸಂನ್ಯಾಸಿಯ ಕೈಯಲ್ಲಿ ಲ್ಯಾಟಿನ್‌ನಲ್ಲಿ ಬರೆಸಿದ. ಠಾಣೆಯ ಜನ, ಮುಸಲ್ಮಾನರೂ ವಿಗ್ರಹಾರಾಧಕರೂ ಸಹ, ಕಾಯಿಲೆ ಬಿದ್ದಾಗ ಆ ಕೊಲೆಯಾದ ಜಾಗದ ಮಣ್ಣನ್ನು ನೀರಲ್ಲಿ ಕದಡಿ ಕುಡಿಯುತ್ತಾರೆ, ಕೂಡಲೇ ವಾಸಿಯಾಗುತ್ತಾರೆ ಎಂಬ ಮಾತೂ ಅದರಲ್ಲಿದೆ.

ಇದನ್ನು ಹೇಗೆ ತೂಗಬೇಕು? ಒದೊರಿಕ್ ಕೊಲೆಯನ್ನು ಕಣ್ಣಾರೆ ಕಂಡವನಲ್ಲ. ಹೇಳಿ ಬರೆಸುವ ಹೊತ್ತಿಗೆ 9 ವರ್ಷ ಕಳೆದಿತ್ತು. ಅಸ್ಥಿಗಳನ್ನು ಅಷ್ಟು ದೂರ ಹೊತ್ತವನಿಗೆ ಅವುಗಳ ಮಹಿಮೆ ಹೇಳುವ ಆಸೆಯೂ ಇದ್ದೀತು. ಆದರೆ ಅವನು ಠಾಣೆಯಲ್ಲಿ ಇದ್ದದ್ದು ನಿಜ, ಜನ ಮಣ್ಣು ಕುಡಿಯುವುದನ್ನು ಕಂಡಿರುವುದು ಸಾಧ್ಯ. ಮಂತ್ರಾಲಯದ ಮೃತ್ತಿಕೆ, ದರ್ಗಾದ ಬೂದಿ ಕಂಡ ನಮಗೆ ಇದು ವಿಚಿತ್ರವೇನಲ್ಲ. ಸಂತನು ಯಾವ ಮತದವನು ಎಂದು ರೋಗಿ ಕೇಳುವುದಿಲ್ಲ. ಇಷ್ಟಕ್ಕೆ ನಾನು ನಂಬಲು ತಯಾರಾಗಿದ್ದೆ. ಆಮೇಲೆ ಗೊತ್ತಾಯಿತು, 6ನೆಯ ಶತಮಾನದಲ್ಲೇ ಫ್ರಾನ್ಸಿನ ತೂರ್ ಪಟ್ಟಣದ ಬಿಷಪ್ ಗ್ರೆಗರಿ, ಸಂತ ಮಾರ್ಟಿನನ ಗೋರಿಯ ಧೂಳನ್ನು ನೀರಲ್ಲಿ ಕುಡಿದು ತನ್ನ ರಕ್ತಭೇದಿ ನಿಂತಿತು ಎಂದು ಬರೆದಿದ್ದಾನೆ. ಅಂದರೆ ಸಂತರ ಕಥೆ ಬರೆಯುವವರಿಗೆ ಇದು ಆಗಲೇ ಒಂದು ಕವಿಸಮಯ! ಚಕೋರ ಬೆಳದಿಂಗಳು ಕುಡಿದಂತೆ ರೋಗಿ ಮಣ್ಣು ಕುಡಿಯಬೇಕು. ಒದೊರಿಕ್ ಕಂಡದ್ದನ್ನು ಹೇಳಿದನೋ, ಓದಿದ್ದನ್ನು ಹೇಳಿದನೋ? ಆ ಒಂದು ವಾಕ್ಯದಿಂದಷ್ಟೇ ಇದು ಇತ್ಯರ್ಥವಾಗುವುದಿಲ್ಲ.

ಇನ್ನು ‘ಕೂಡಲೇ ವಾಸಿ’ ಎಂಬ ಮಾತು. ಇದಕ್ಕೆ ನನ್ನದೇ ಒಂದು ಸಾಕ್ಷಿ ಹೇಳುತ್ತೇನೆ. ಕಲ್ಯಾಣದ ಚಾಳಿನಲ್ಲಿದ್ದಾಗ ನನಗೆ ಮಲೇರಿಯಾ ಬಂದಿತ್ತು. ಮಧ್ಯಾಹ್ನ ಚಳಿ, ಸಂಜೆ ಮೈಯೆಲ್ಲ ಬೆಂಕಿ. ಅಮ್ಮ ರಾಯರ ಮೃತ್ತಿಕೆ ನೀರಿಗೆ ಹಾಕಿ ಕುಡಿಸಿದಳು. ರಾತ್ರಿ ಬೆವರು ಕಿತ್ತು ಜ್ವರ ಬಿಟ್ಟೇಬಿಟ್ಟಿತು. ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ಅಮ್ಮ ಎಲ್ಲರಿಗೂ ಹೇಳಿದಳು. ಒಂದಕ್ಷರ ಸುಳ್ಳಿಲ್ಲ. ಒಂದು ದಿನ ಬಿಟ್ಟು ಅದೇ ಹೊತ್ತಿಗೆ ಚಳಿ ಮತ್ತೆ ಬಂತು, ಮಲೇರಿಯಾದ ಗುಣವೇ ಅದು. ಡಾಕ್ಟರರ ಗುಳಿಗೆ ತಿಂದು ಗುಣವಾಯಿತು. ಆ ಎರಡನೆಯ ಕಂತನ್ನು ಮಾತ್ರ ಅಮ್ಮ ನಲ್ಲಿಯ ಹತ್ತಿರ ಯಾರಿಗೂ ಹೇಳಲಿಲ್ಲ. ಅಮ್ಮನನ್ನು ಸುಳ್ಳಿ ಅಂತ ನಾನು ಕರೆಯಲಾರೆ. ಗೆಳತಿಯ ಪ್ರಶ್ನೆಗೆ ನನ್ನಲ್ಲಿ ಉತ್ತರ ಹುಟ್ಟಿದ್ದೂ ಇಲ್ಲೇ.

ಈ ಕಣ್ಣಿನಿಂದ ಹಳೆಯ ಕ್ರೈಸ್ತ ಬರಹಗಳಿಗೆ ಹೋಗೋಣ. ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಅಗಸ್ಟೀನ್ ಸುಮಾರು ಕ್ರಿ.ಶ. 390ರಲ್ಲಿ, ಪವಾಡಗಳ ಕಾಲ ಮುಗಿಯಿತು ಎಂಬರ್ಥದಲ್ಲಿ ಬರೆದಿದ್ದ. ಮುಪ್ಪಿನಲ್ಲಿ ‘ದೇವನಗರ’ ಎಂಬ ಗ್ರಂಥದ ಕೊನೆಯ ಭಾಗ ಬರೆಯುವಾಗ ಅವನ ಅಭಿಪ್ರಾಯ ಬದಲಾಗಿತ್ತು. ವಾಸಿಯಾದವರಿಂದ ಲಿಖಿತ ಹೇಳಿಕೆ ಪಡೆದು ಜನರೆದುರು ಓದಿಸುತ್ತಿದ್ದ. ಎರಡು ವರ್ಷ ತುಂಬುವುದರೊಳಗೆ ಅಂಥವು ಸುಮಾರು 70 ಆಗಿದ್ದವು. ಹೆಸರು, ಊರು, ರೋಗ ಹೇಳುವ ಇಂಥ ಬರಹ ಐತಿಹ್ಯಕ್ಕಿಂತ ಎಷ್ಟೋ ಮೇಲು. ಆದರೆ ವಾಸಿಯಾಗದೆ ಹಿಂತಿರುಗಿದವರಿಂದ ಹೇಳಿಕೆ ಬರೆಸುವ ಕ್ರಮ ಅಲ್ಲಿರಲಿಲ್ಲ. ಮತ್ತೆ ಅದೇ ನಲ್ಲಿಯ ಸಾಲು!

ಸುವಾರ್ತೆಗಳಲ್ಲಿ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಂಡದ್ದು ಒಂದು ಸಣ್ಣ ಸಂಗತಿ. ಯೇಸು ತನ್ನ ಸ್ವಂತ ಊರಿಗೆ ಹೋದಾಗ ಕೆಲವು ರೋಗಿಗಳನ್ನು ವಾಸಿಮಾಡಿದ್ದು ಬಿಟ್ಟರೆ ಬೇರೆ ಮಹತ್ಕಾರ್ಯ ಮಾಡಲು ಅವನಿಗೆ ಆಗಲಿಲ್ಲ ಎನ್ನುತ್ತಾನೆ ಮಾರ್ಕ. ಹೆಚ್ಚಿನ ವಿದ್ವಾಂಸರು ಇದನ್ನೇ ಮೊದಲ ಸುವಾರ್ತೆ ಎನ್ನುತ್ತಾರೆ. ಕಾಲ ಸುಮಾರು ಕ್ರಿ.ಶ. 70. ಅವನನ್ನು ಮುಂದಿಟ್ಟುಕೊಂಡು ಬರೆದ ಮತ್ತಾಯ, ಅಲ್ಲಿ ಹೆಚ್ಚು ಮಾಡಲಿಲ್ಲ ಎಂದು ತಿದ್ದುತ್ತಾನೆ. ‘ಆಗಲಿಲ್ಲ’ ಹೋಗಿ ‘ಮಾಡಲಿಲ್ಲ’ ಬಂತು. ಭಕ್ತನಿಗೆ ಮುಜುಗರ ತರುವ ಮಾತನ್ನು ಭಕ್ತನೇ ಕಟ್ಟುವುದು ಅಪರೂಪ. ಆದ್ದರಿಂದ ಯೇಸುವಿನ ಕೈ ತಾಗಿ ಗುಣವಾಯಿತೆಂದು ಅವನ ಕಾಲದ ಜನರೇ ನಂಬಿದ್ದರು, ಎಲ್ಲ ಕಡೆ ಅದು ನಡೆಯಲಿಲ್ಲ ಎಂಬ ನೆನಪೂ ಉಳಿದಿತ್ತು ಎಂದು ನಾನು ಒಪ್ಪುತ್ತೇನೆ. ಗೆಳೆಯನ ‘ಎಲ್ಲ ಕಟ್ಟುಕತೆ’ ಇಲ್ಲಿ ನಿಲ್ಲುವುದಿಲ್ಲ. ಯಾವ ರೋಗ, ಹೇಗೆ ಗುಣವಾಯಿತು, ಎಷ್ಟು ದಿನ ಗುಣವಾಗಿ ಉಳಿಯಿತು ಎಂಬುದಕ್ಕೆ ಮಾತ್ರ ಮಾರ್ಕನಲ್ಲೂ ಉತ್ತರವಿಲ್ಲ.

ಗೆಳತಿ ಮುಂದಿನ ಬೈಠಕ್ಕಿಗೆ ಬರುತ್ತೇನೆ ಅಂದಿದ್ದಾಳೆ, ಒಂದು ಷರತ್ತಿನ ಮೇಲೆ: ಇದೇ ತಕ್ಕಡಿಯಲ್ಲಿ ನಮ್ಮ ಮನೆಯದನ್ನೂ ತೂಗಬೇಕು. ನ್ಯಾಯವೇ. 12ನೆಯ ಶತಮಾನದ ಬಸವಣ್ಣನವರ ವಚನಗಳನ್ನೂ, ಭೀಮಕವಿ 1369ರಲ್ಲಿ ಮುಗಿಸಿದ ಬಸವಪುರಾಣದಲ್ಲಿ ಜೋಳ ಮುತ್ತಾದ ಪ್ರಸಂಗವನ್ನೂ ಎಲ್ಲರೂ ಓದಿಕೊಂಡು ಬನ್ನಿ.